ರಷ್ಯಾದ ಹಳೇ ತಾಮ್ರದ ನಾಣ್ಯ ಅಸಲಿಯೋ ನಕಲಿಯೋ? ಮೊದಲು ತೂಗಿ ನೋಡಿ

ಕೆಲವು ವರ್ಷಗಳ ಹಿಂದೆ ನಾನು ಒಂದು ಅಸಲಿ ನಾಣ್ಯವನ್ನು ನಕಲಿ ಎಂದು ವಾಪಸ್ ಕೊಟ್ಟೆ. 1763ರ ಐದು ಕೊಪೆಕ್. ದಪ್ಪನೆಯ ತಾಮ್ರದ ಬಿಲ್ಲೆ. ಒಂದು ಕಡೆ ನಮ್ಮ ಗಂಡಭೇರುಂಡ ನೆನಪಿಗೆ ತರುವ ಎರಡು ತಲೆಯ ಹದ್ದು. ಇನ್ನೊಂದು ಕಡೆ ಕಿರೀಟದ ಕೆಳಗೆ ರಾಣಿ ಎರಡನೇ ಕ್ಯಾಥರೀನಳ ಹೆಸರಿನ ಅಕ್ಷರ. ಎಲ್ಲಾ ಸರಿ ಇತ್ತು. ಆದರೆ ಹದ್ದಿನ ರೆಕ್ಕೆಯ ಪಕ್ಕ ಏನೋ ದುಂಡಗೆ ನಗಾರಿಯಂಥದ್ದು ಕಾಣುತ್ತಿತ್ತು. ಅದರ ಮೇಲೆ ಬಾವುಟದ ಕೋಲಿನಂಥ ಗೆರೆ. ಯಾರೋ ಅರೆಬರೆ ಅಚ್ಚು ಮಾಡಿ ಒತ್ತಿದ್ದಾರೆ ಅಂದುಕೊಂಡೆ.

ಆಮೇಲೆ ಒಬ್ಬ ಹಿರಿಯ ಸಂಗ್ರಾಹಕರಿಗೆ ಇದನ್ನು ಹೇಳಿದೆ. ಅವರು ಕೇಳಿದ್ದು ಒಂದೇ ಮಾತು. "ತೂಗಿ ನೋಡಿದ್ಯಾ ಮರಿ?" ನೋಡಿರಲಿಲ್ಲ. ತೂಗಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಆ ನಗಾರಿ ದೋಷ ಆಗಿರಲಿಲ್ಲ. ಅದು ಆ ನಾಣ್ಯದ ಹಿಂದಿನ ಜನ್ಮದ ಗುರುತು. ಆ ಕಥೆಗೆ ಮುಂದೆ ಬರುತ್ತೇನೆ.

ಈ ಬರಹ ಅದೇ ಕ್ರಮದಲ್ಲಿದೆ. ಮೊದಲು ತೂಕ, ಆಮೇಲೆ ಲೋಹ, ಆಮೇಲೆ ಅಂಚು ಮತ್ತು ಮೈ, ಚಿತ್ರ ಕೊನೆಗೆ. ನಮ್ಮಲ್ಲಿ ಬಹಳ ಜನ ಚಿತ್ರದಿಂದ ಶುರು ಮಾಡುತ್ತೇವೆ. ನಕಲಿ ಮಾಡುವವನೂ ಚಿತ್ರಕ್ಕೇ ಜಾಸ್ತಿ ಕಷ್ಟಪಡುತ್ತಾನೆ. ತೂಕ ಮತ್ತು ಲೋಹದ ವಿಷಯದಲ್ಲಿ ಅವನು ದುಡ್ಡು ಉಳಿಸಲು ನೋಡುತ್ತಾನೆ, ಅಲ್ಲೇ ಸಿಕ್ಕಿಬೀಳುತ್ತಾನೆ.

ಬೇಕಾದ ಸಾಮಾನು ಕಡಿಮೆ. 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತೂಕದ ಯಂತ್ರ. ಹತ್ತು ಪಟ್ಟು ದೊಡ್ಡದಾಗಿ ಕಾಣುವ ಭೂತಗನ್ನಡಿ. ಅಳತೆಗೆ ಕ್ಯಾಲಿಪರ್. ಒಂದು ಗಟ್ಟಿ ನಿಯೋಡಿಮಿಯಂ ಮ್ಯಾಗ್ನೆಟ್. ಒಂದು ಗಾಜಿನ ಲೋಟ, ತೆಳ್ಳನೆಯ ದಾರ, ಸ್ವಲ್ಪ ಅಸಿಟೋನ್. ಇವುಗಳ ಜೊತೆ ಹೋಲಿಸಿ ನೋಡಲು ಖಚಿತವಾಗಿ ತಾಮ್ರದ್ದೇ ಆದ ಒಂದು ನಾಣ್ಯ ಬೇಕು. ಈಸ್ಟ್ ಇಂಡಿಯಾ ಕಂಪನಿಯ 1835ರ ಕಾಲಾಣೆ ಇದ್ದರೆ ಸಾಕು. ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಲೋಹವೂ ತಾಮ್ರವೇ.

ತೂಕ: ಒಂದು ಪೂದ್‌ಗೆ ಎಷ್ಟು ರೂಬಲ್?

ರಷ್ಯಾದ ತಾಮ್ರದ ನಾಣ್ಯದ ಲೆಕ್ಕ ಬಹಳ ಸರಳ. ಒಂದು ಪೂದ್ ಎಂದರೆ 16.38 ಕಿಲೋ. ಒಂದು ಪೂದ್ ತಾಮ್ರದಿಂದ ಇಷ್ಟು ರೂಬಲ್ ನಾಣ್ಯ ಹೊಡೆಯಬೇಕು ಎಂದು ಸರ್ಕಾರ ಗೊತ್ತು ಮಾಡುತ್ತಿತ್ತು. ಈ ಪ್ರಮಾಣಕ್ಕೆ ರಷ್ಯನ್ನರು ಸ್ತೊಪಾ ಎನ್ನುತ್ತಾರೆ. ಒಂದು ರೂಬಲ್‌ಗೆ 100 ಕೊಪೆಕ್. ಸ್ತೊಪಾ ಗೊತ್ತಿದ್ದರೆ ಯಾವ ನಾಣ್ಯದ ತೂಕವನ್ನೂ ನೀವೇ ಲೆಕ್ಕ ಹಾಕಬಹುದು.

ಕ್ಯಾಥರೀನ್ ಕಾಲದ ಸ್ತೊಪಾ 16 ರೂಬಲ್. 16,380 ಗ್ರಾಮನ್ನು 16ರಿಂದ ಭಾಗಿಸಿ, ಅದನ್ನು 20 ಭಾಗ ಮಾಡಿ. 51.19 ಗ್ರಾಂ. ಅದೇ ಐದು ಕೊಪೆಕ್‌ನ ತೂಕ. ಈ ಐದು ಕೊಪೆಕ್ ನಾಣ್ಯಕ್ಕೆ ರಷ್ಯನ್ನರು ಪ್ಯಾತಕ್ ಎನ್ನುತ್ತಾರೆ. ಇನ್ನು ಮುಂದೆ ನಾನೂ ಹಾಗೇ ಬರೆಯುತ್ತೇನೆ.

ಕೈಗೆ ಜಾಸ್ತಿ ಸಿಗುವ ನಾಣ್ಯಗಳ ತೂಕ ಇಲ್ಲಿದೆ:

1723ರಿಂದ 1730, ಶಿಲುಬೆ ಇರುವ ಪ್ಯಾತಕ್, 40 ರೂಬಲ್ ಸ್ತೊಪಾ: 20.48 ಗ್ರಾಂ
1730ರಿಂದ 1754, ದೆಂಗಾ (ಅರ್ಧ ಕೊಪೆಕ್), 10 ರೂಬಲ್: 8.19 ಗ್ರಾಂ. ಪೊಲುಷ್ಕಾ (ಕಾಲು ಕೊಪೆಕ್): 4.10 ಗ್ರಾಂ
1757ರಿಂದ ಕ್ಯಾಥರೀನ್ ಕಾಲದ ಕೊನೆವರೆಗೆ (1796), 16 ರೂಬಲ್: ಒಂದು ಕೊಪೆಕ್ 10.24, ಎರಡು 20.48, ಪ್ಯಾತಕ್ 51.19 ಗ್ರಾಂ
ಸೈಬೀರಿಯಾದ ನಾಣ್ಯ, 25 ರೂಬಲ್: ಹತ್ತು ಕೊಪೆಕ್ 65.52, ಐದು 32.76 ಗ್ರಾಂ
1810ರಿಂದ 1830, 24 ರೂಬಲ್: ಎರಡು ಕೊಪೆಕ್ 13.65 ಗ್ರಾಂ
1830ರಿಂದ 1839, 36 ರೂಬಲ್: ಹತ್ತು ಕೊಪೆಕ್ 45.50 ಗ್ರಾಂ
1849ರಿಂದ 1867, 32 ರೂಬಲ್: ಐದು ಕೊಪೆಕ್ 25.59 ಗ್ರಾಂ
1867ರಿಂದ 1917, 50 ರೂಬಲ್: ಐದು ಕೊಪೆಕ್ 16.38, ಮೂರು 9.83, ಎರಡು 6.55, ಒಂದು 3.28 ಗ್ರಾಂ

ಕೊನೆಯ ಸಾಲಿನಲ್ಲಿ ಒಂದು ಚೆಂದ ಇದೆ. 50 ರೂಬಲ್ ಎಂದರೆ ಸಾವಿರ ಪ್ಯಾತಕ್. ಹಾಗಾಗಿ ಒಂದು ಪ್ಯಾತಕ್ ಸರಿಯಾಗಿ ಪೂದ್‌ನ ಸಾವಿರದ ಒಂದು ಭಾಗ ತೂಗುತ್ತದೆ. ಸೋವಿಯತ್ ಸರ್ಕಾರ 1924ರಲ್ಲಿ ತಾಮ್ರದ ನಾಣ್ಯ ಹೊಡೆದಾಗಲೂ ಇದೇ ತೂಕ ಇಟ್ಟುಕೊಂಡಿತು. 1926ರಿಂದ ಲೋಹ ಬದಲಾಯಿತು. ಹಳದಿ ಬಣ್ಣದ ಅಲ್ಯೂಮಿನಿಯಂ ಕಂಚು ಬಂತು. ಆಗ ಐದು ಕೊಪೆಕ್‌ಗೆ 5 ಗ್ರಾಂ ಮಾತ್ರ. ಇವೆರಡನ್ನು ಒಂದೇ ಎಂದು ತಿಳಿದು ಗಾಬರಿಯಾಗುವವರಿದ್ದಾರೆ.

ತೂಕ ಲೆಕ್ಕಕ್ಕೆ ಹೊಂದದಿದ್ದರೆ

18ನೇ ಶತಮಾನದ ನಾಣ್ಯವನ್ನು ಒಂದೊಂದಾಗಿ ತೂಗುತ್ತಿರಲಿಲ್ಲ. ಒಂದು ಪೂದ್‌ಗೆ ಇಷ್ಟು ನಾಣ್ಯ ಎಂಬ ಲೆಕ್ಕ ಒಟ್ಟಿನಲ್ಲಿ ಸರಿಬಂದರೆ ಸಾಕಿತ್ತು. ಹಾಗಾಗಿ ಅಸಲಿ ಕ್ಯಾಥರೀನ್ ಪ್ಯಾತಕ್‌ಗಳಲ್ಲೂ ಕೆಲವು 45 ಗ್ರಾಂಗೆ ಇಳಿಯುತ್ತವೆ, ಕೆಲವು 55 ದಾಟುತ್ತವೆ. ಎರಡು ಮೂರು ಗ್ರಾಂ ಹೆಚ್ಚುಕಡಿಮೆ ಆದ ಮಾತ್ರಕ್ಕೆ ನಾಣ್ಯವನ್ನು ತಿರಸ್ಕರಿಸಬೇಡಿ. ಆದರೆ 38 ಗ್ರಾಂ ತೂಗುವ, ಸವೆತ ಇಲ್ಲದ, ಗೆರೆಗಳೆಲ್ಲ ಚೂಪಾಗಿರುವ ಪ್ಯಾತಕ್ ಕೈಗೆ ಬಂದರೆ ಅದನ್ನು ಅಲ್ಲೇ ಇಟ್ಟುಬಿಡಿ.

1867ರ ನಂತರದ ನಾಣ್ಯಕ್ಕೆ ಇಷ್ಟು ಸಡಿಲ ಬಿಡಬಾರದು. ಯಂತ್ರ ಸುಧಾರಿಸಿತ್ತು, ಬಿಲ್ಲೆಗಳು ಒಂದೇ ಸಮ ಬರುತ್ತಿದ್ದವು. ಸವೆಯದ ಮೂರು ಕೊಪೆಕ್ 8.5 ಗ್ರಾಂ ತೂಗಿದರೆ ನನಗೆ ಅನುಮಾನ ಬರುತ್ತದೆ.

ತೂಕ ಕಡಿಮೆ ಇದ್ದು ಅಗಲ ಸರಿ ಇದ್ದರೆ ದಪ್ಪ ಅಳೆಯಿರಿ. ದಪ್ಪವೂ ಸರಿ ಇದ್ದರೆ ಲೋಹ ಹಗುರ ಎಂದಾಯಿತು. ನೆಲದಲ್ಲಿ ಹೂತಿದ್ದ ನಾಣ್ಯದ ಕಥೆ ಬೇರೆ. ಕಿಲುಬು ತಿಂದು ಅದು ಐದು ಹತ್ತು ಗ್ರಾಂ ಕಳೆದುಕೊಂಡಿರಬಹುದು. ಆದರೆ ಅಂಥ ನಾಣ್ಯದ ಮೈಯೇ ಅದನ್ನು ಹೇಳುತ್ತದೆ, ಗುಂಡಿಗುಂಡಿ ಬಿದ್ದಿರುತ್ತದೆ.

ಮ್ಯಾಗ್ನೆಟ್‌ಗೆ ಅಂಟಿದರೆ

ಗಟ್ಟಿಯಾಗಿ ಅಂಟಿದರೆ ಒಳಗೆ ಕಬ್ಬಿಣ, ಮೇಲೆ ತಾಮ್ರದ ಗಿಲೀಟು. ಅಲ್ಲಿಗೆ ಪರೀಕ್ಷೆ ಮುಗಿಯಿತು. ನೆಲದಿಂದ ತೆಗೆದ ನಾಣ್ಯದ ಮೇಲೆ ಕಬ್ಬಿಣದ ಅಂಶ ಇರುವ ಮಣ್ಣು ಗಟ್ಟಿಯಾಗಿ ಕೂತಿದ್ದರೆ ಮಾತ್ರ ದಾರದಲ್ಲಿ ತೂಗುಬಿಟ್ಟ ನಾಣ್ಯ ಒಂಚೂರು ಅಲುಗಬಹುದು. ಅದು ಅಂಟುವುದಲ್ಲ.

ಅಂಟಲಿಲ್ಲ ಎಂದ ಮಾತ್ರಕ್ಕೆ ತಾಮ್ರ ಎಂದು ಹೇಳಲು ಆಗುವುದಿಲ್ಲ. ಹಿತ್ತಾಳೆ, ಸತು, ಸೀಸ ಯಾವುದೂ ಅಂಟುವುದಿಲ್ಲ. ಇಲ್ಲಿ ಅದೇ ಮ್ಯಾಗ್ನೆಟ್‌ನಿಂದ ಇನ್ನೊಂದು ಕೆಲಸ ಮಾಡಿಸಬಹುದು. ನಾಣ್ಯವನ್ನು ಓರೆಯಾಗಿ ಹಿಡಿದು ಸಣ್ಣ ಮ್ಯಾಗ್ನೆಟ್ ಅದರ ಮೇಲೆ ಜಾರಲು ಬಿಡಿ. ತಾಮ್ರದ ಮೇಲೆ ಅದು ಯಾರೋ ಹಿಡಿದು ಎಳೆದ ಹಾಗೆ ನಿಧಾನವಾಗಿ ಜಾರುತ್ತದೆ. ಮ್ಯಾಗ್ನೆಟ್ ಚಲಿಸಿದಾಗ ತಾಮ್ರದೊಳಗೆ ವಿದ್ಯುತ್ ಸುಳಿ ಏಳುತ್ತದೆ, ಆ ಸುಳಿ ಮ್ಯಾಗ್ನೆಟ್‌ಗೆ ಎದುರಾಗಿ ತಡೆಯುತ್ತದೆ. ಹಿತ್ತಾಳೆ ವಿದ್ಯುತ್ ಹರಿಸುವುದು ತಾಮ್ರದ ಸುಮಾರು ಕಾಲು ಭಾಗದಷ್ಟು ಮಾತ್ರ. ಅದರ ಮೇಲೆ ಮ್ಯಾಗ್ನೆಟ್ ಸರ್ರನೆ ಜಾರಿಬಿಡುತ್ತದೆ. ದೊಡ್ಡ ಪ್ಯಾತಕ್ ಮೇಲೆ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಪೊಲುಷ್ಕಾದಂಥ ಪುಟ್ಟ ನಾಣ್ಯಕ್ಕೆ ಇದು ಪ್ರಯೋಜನವಿಲ್ಲ, ಜಾರಲು ಜಾಗವೇ ಇರುವುದಿಲ್ಲ. ಹಳೇ ತಾಮ್ರದಲ್ಲಿ ಕಲ್ಮಶ ಇದ್ದರೆ ತಡೆ ಸ್ವಲ್ಪ ಕಡಿಮೆ ಆಗುತ್ತದೆ ಎಂಬುದೂ ನೆನಪಿರಲಿ.

ನೀರಿನ ಪರೀಕ್ಷೆ

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು. ನಾಣ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ, ಖರ್ಚೂ ಇಲ್ಲ.

ಮೊದಲು ನಾಣ್ಯವನ್ನು ಹಾಗೇ ತೂಗಿ ಬರೆದುಕೊಳ್ಳಿ. ಈಗ ಯಂತ್ರದ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ದಾರ ಕಟ್ಟಿ ನೀರಲ್ಲಿ ಪೂರ್ತಿ ಮುಳುಗುವಂತೆ ತೂಗುಬಿಡಿ. ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು. ಈಗ ಯಂತ್ರ ತೋರಿಸುವ ಅಂಕಿ ನಾಣ್ಯ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಈ ಅಂಕಿಯಿಂದ ಭಾಗಿಸಿ. ಬರುವುದೇ ಸಾಂದ್ರತೆ.

ನಾಣ್ಯ 51.20 ಗ್ರಾಂ ಇದೆ ಎಂದುಕೊಳ್ಳಿ. ನೀರಲ್ಲಿ 5.78 ತೋರಿಸಿದರೆ ಸಾಂದ್ರತೆ 8.86. ಇದು ತಾಮ್ರಕ್ಕೆ ಹೊಂದುತ್ತದೆ. ಶುದ್ಧ ತಾಮ್ರದ್ದು 8.96. ಹಳೇ ನಾಣ್ಯದಲ್ಲಿ ಕಲ್ಮಶ, ಕಿಲುಬು, ಒಳಗಿನ ಸಣ್ಣ ಟೊಳ್ಳು ಇರುವುದರಿಂದ ಸ್ವಲ್ಪ ಕೆಳಗೇ ಬರುತ್ತದೆ. 8.7ರಿಂದ 8.95ರವರೆಗೆ ನಾನು ಒಪ್ಪುತ್ತೇನೆ. ಅದೇ ತೂಕದ ನಾಣ್ಯ 6.05 ತೋರಿಸಿದರೆ ಸಾಂದ್ರತೆ 8.46. ಅದು ಹಿತ್ತಾಳೆ. 6.5ರ ಹತ್ತಿರ ಬಂದರೆ ಕಬ್ಬಿಣ. 7.6 ದಾಟಿದರೆ ಸತುವಿನ ಎರಕ. ಮಳಿಗೆಗಳಲ್ಲಿ ನೆನಪಿನ ಕಾಣಿಕೆ ಎಂದು ಮಾರುವ ನಕಲುಗಳಲ್ಲಿ ಈ ಸತುವಿನ ಎರಕವೂ ಇರುತ್ತದೆ. 5ಕ್ಕಿಂತ ಕಡಿಮೆ ತೋರಿಸಿದರೆ ಒಳಗೆ ಸೀಸ ಇದೆ ಎಂದು ಅರ್ಥ, ಆಗ ಅಂಚನ್ನು ನೋಡಲೇಬೇಕು.

ತಪ್ಪಾಗುವುದು ಗಾಳಿ ಗುಳ್ಳೆಯಿಂದ. ನಾಣ್ಯದ ಗೆರೆಗಳ ನಡುವೆ ಗುಳ್ಳೆ ಕೂತರೆ ಸಾಂದ್ರತೆ ಕಡಿಮೆ ಬರುತ್ತದೆ. ನೀರಿಗೆ ಒಂದೇ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ನಾಣ್ಯವನ್ನು ನೀರೊಳಗೇ ಮೆಲ್ಲಗೆ ಅಲುಗಿಸಿ. ಮೂರು ಸಲ ಅಳೆಯಿರಿ. ಮೂರೂ ಸಲ ಹತ್ತಿರ ಹತ್ತಿರ ಬರಬೇಕು. ಮುಗಿದ ಮೇಲೆ ನಾಣ್ಯವನ್ನು ಒಳ್ಳೆ ನೀರಲ್ಲಿ ಅದ್ದಿ, ಮೆತ್ತಗೆ ಒತ್ತಿ ಒರೆಸಿ, ಪೂರ್ತಿ ಒಣಗಿಸಿ.

ಈ ಪರೀಕ್ಷೆಗೂ ಮಿತಿ ಇದೆ. 3.28 ಗ್ರಾಮಿನ ಒಂದು ಕೊಪೆಕ್ ನೀರಲ್ಲಿ 0.37 ತೋರಿಸುತ್ತದೆ. ಯಂತ್ರ 0.01 ಆಚೀಚೆ ಹೋದರೆ ಸಾಂದ್ರತೆ 8.6ರಿಂದ 9.1ರವರೆಗೆ ಓಡಾಡುತ್ತದೆ. ತಾಮ್ರವೋ ಹಿತ್ತಾಳೆಯೋ ಹೇಳಲು ಆಗುವುದಿಲ್ಲ. ತವರ ಬೆರೆತ ಕಂಚಿನ ಸಾಂದ್ರತೆ ತಾಮ್ರಕ್ಕೆ ತುಂಬಾ ಹತ್ತಿರ, ದೊಡ್ಡ ನಾಣ್ಯದಲ್ಲೂ ನೀರು ಅವೆರಡನ್ನು ಬೇರೆ ಮಾಡುವುದಿಲ್ಲ. ಆದರೆ ಕಂಚು ವಿದ್ಯುತ್ತನ್ನು ಸರಿಯಾಗಿ ಹರಿಸುವುದಿಲ್ಲ. ಜಾರುವ ಮ್ಯಾಗ್ನೆಟ್ ಅದನ್ನು ಹಿಡಿದುಕೊಡುತ್ತದೆ. ಅದಕ್ಕೇ ಎರಡೂ ಪರೀಕ್ಷೆ ಮಾಡಬೇಕು.

ನಾಣ್ಯದ ಮೇಲೆ ಹಳೇ ಏಟಿನ ಗುರುತು ಇದ್ದರೆ ಭೂತಗನ್ನಡಿಯಲ್ಲಿ ಅದರೊಳಗೆ ನೋಡಿ. ತಾಮ್ರ ಒಳಗೂ ಕೆಂಪು. ಹಳದಿ ಕಂಡರೆ ಹಿತ್ತಾಳೆ, ಬೂದು ಬಿಳಿ ಕಂಡರೆ ಸತು ಅಥವಾ ಕಬ್ಬಿಣ. ಹೊಸದಾಗಿ ಅರ ಹಾಕಿ ಉಜ್ಜಿ ನೋಡುವ ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. 250 ವರ್ಷ ಉಳಿದು ಬಂದ ಮೈ ಅದು.

ಸೈಬೀರಿಯಾದ ನಾಣ್ಯದ ಲೋಹ

ಅಲ್ತಾಯ್ ಸೀಮೆಯ ಕೊಲಿವಾನ್ ಗಣಿಗಳ ತಾಮ್ರದಲ್ಲಿ ಸ್ವಲ್ಪ ಬೆಳ್ಳಿ, ಚೂರು ಚಿನ್ನ ಇತ್ತು. ಅದನ್ನು ಪೂರ್ತಿ ಬೇರ್ಪಡಿಸುವುದು ಆ ಕಾಲದಲ್ಲಿ ಲಾಭವಾಗುತ್ತಿರಲಿಲ್ಲ. ಹಾಗಾಗಿ 1763ರಲ್ಲಿ ಕ್ಯಾಥರೀನ್ ಸರ್ಕಾರ ಒಂದು ದಾರಿ ಹುಡುಕಿತು. ಬೆಳ್ಳಿ ಚಿನ್ನವನ್ನು ತಾಮ್ರದಲ್ಲೇ ಬಿಟ್ಟು, ಅದರ ಬೆಲೆಯನ್ನೂ ಸೇರಿಸಿ, ಹಗುರ ನಾಣ್ಯ ಹೊಡೆಯುವುದು. ಅದಕ್ಕೇ ಇಲ್ಲಿ 16ರ ಬದಲು 25 ರೂಬಲ್ ಸ್ತೊಪಾ. ಇವು ಸೈಬೀರಿಯಾದಲ್ಲಿ ಮಾತ್ರ ಓಡಾಡಿದ ನಾಣ್ಯ. ಸುಜುನ್ ಎಂಬಲ್ಲಿ ಟಂಕಸಾಲೆ. ಚಿತ್ರದಲ್ಲಿ ಎರಡು ಸೇಬಲ್ ಪ್ರಾಣಿಗಳು ಗುರಾಣಿ ಹಿಡಿದು ನಿಂತಿರುತ್ತವೆ. 1781ರಲ್ಲಿ ಇದು ನಿಂತಿತು.

ಚಿತ್ರ ಚೆಂದ, ಕಥೆಯೂ ಚೆಂದ, ಮೇಲೆ ಬೆಳ್ಳಿ ಇದೆ ಎಂಬ ಮಾತು. ಹಾಗಾಗಿ ಹತ್ತು ಕೊಪೆಕ್‌ನ ನಕಲು ತುಂಬಾ ಓಡಾಡುತ್ತವೆ. ಮಾರುವವರು "ಇದರಲ್ಲಿ ಬೆಳ್ಳಿ ಇದೆ, ಅದಕ್ಕೇ ಬಣ್ಣ ಬಿಳಿಚಿಕೊಂಡಿದೆ" ಎನ್ನುತ್ತಾರೆ. ಇದನ್ನು ನಂಬಬೇಡಿ. ಬೆಳ್ಳಿ ಇರುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಅಷ್ಟರಿಂದ ತಾಮ್ರದ ಬಣ್ಣ ಬದಲಾಗುವುದಿಲ್ಲ. ಸಾಂದ್ರತೆಯೂ 0.01ರಷ್ಟು ಮಾತ್ರ ಏರುತ್ತದೆ, ನಮ್ಮ ಲೋಟದ ನೀರಿಗೆ ಅದು ಗೊತ್ತೇ ಆಗುವುದಿಲ್ಲ. ನೀರಿನ ಪರೀಕ್ಷೆಯಲ್ಲಿ 9.3 ಬಂತು, ಬೆಳ್ಳಿ ಜಾಸ್ತಿ ಇದೆ ಎಂದು ಖುಷಿಪಡಬೇಡಿ. ಒಂದೋ ಅಳತೆ ತಪ್ಪಾಗಿದೆ, ಇಲ್ಲವೋ ಒಳಗೆ ಸೀಸ ಇದೆ.

ಬೆಳ್ಳಿಯನ್ನು ನಿಜಕ್ಕೂ ನೋಡಬೇಕಿದ್ದರೆ ಎಕ್ಸ್‌ರೇ ಯಂತ್ರ ಬೇಕು. ಚಿನ್ನ ಬೆಳ್ಳಿ ಅಂಗಡಿಗಳಲ್ಲಿ ಕ್ಯಾರೆಟ್ ಮೀಟರ್ ಎಂದು ಇಟ್ಟಿರುವುದು ಅದೇ ಬಗೆಯ ಯಂತ್ರ. ಪರಿಚಯದವರಿದ್ದರೆ ಕೇಳಿ ಇಡಿಸಿ. ಆದರೆ ಅದನ್ನು ಹೊಂದಿಸಿರುವುದು ಚಿನ್ನಕ್ಕೆ. ತಾಮ್ರದ ನಾಣ್ಯಕ್ಕೆ ಅದು ಹೇಳುವ ಪಾಯಿಂಟ್ ಲೆಕ್ಕವನ್ನು ಪೂರ್ತಿ ನಂಬುವ ಹಾಗಿಲ್ಲ. ಅದು ನೋಡುವುದೂ ಮೇಲ್ಮೈಯನ್ನು ಮಾತ್ರ. ನಾನು ಅದರಲ್ಲಿ ನೋಡುವುದು ದೊಡ್ಡ ವಿಷಯವನ್ನೇ. ಸತು ನೂರಕ್ಕೆ 20, 30 ಎಂದು ತೋರಿಸಿದರೆ ಹಿತ್ತಾಳೆ. ನಾಣ್ಯದ ಎರಡು ಮೂರು ಕಡೆ ಇಟ್ಟು ನೋಡಿದಾಗಲೂ ತಾಮ್ರವೇ ತುಂಬಿದ್ದು, ಜೊತೆಗೆ ಚೂರು ಬೆಳ್ಳಿ ಕಾಣಿಸಿದರೆ ಸೈಬೀರಿಯಾದ ನಾಣ್ಯಕ್ಕೆ ಅದು ಒಳ್ಳೆಯ ಸೂಚನೆ.

ಒಂದರ ಮೇಲೊಂದು ಚಿತ್ರ ಕಂಡರೆ

ಈಗ ನನ್ನ ನಗಾರಿಯ ಕಥೆ.

1762ರಲ್ಲಿ ಮೂರನೇ ಪೀಟರ್ ದೊರೆಯಾದ. ಅವನು ಸ್ತೊಪಾವನ್ನು 16ರಿಂದ 32 ರೂಬಲ್‌ಗೆ ಏರಿಸಿದ. ಅಂದರೆ ಅದೇ 51 ಗ್ರಾಮಿನ ಬಿಲ್ಲೆಗೆ ಐದರ ಬದಲು ಹತ್ತು ಕೊಪೆಕ್ ಬೆಲೆ. ಹೊಸ ಬಿಲ್ಲೆ ಮಾಡುವ ಕೆಲಸವೇ ಇಲ್ಲ, ಹಳೇ ಪ್ಯಾತಕ್ ಮೇಲೆ ಹೊಸ ಅಚ್ಚು ಒತ್ತಿದರೆ ಆಯಿತು. ಆ ಹತ್ತು ಕೊಪೆಕ್‌ನ ಚಿತ್ರದಲ್ಲಿ ನಗಾರಿ, ಬಾವುಟ, ಫಿರಂಗಿ ಇವೆ. ಅದೇ ವರ್ಷ ಅವನ ಹೆಂಡತಿ ಕ್ಯಾಥರೀನ್ ಅವನನ್ನು ಇಳಿಸಿ ತಾನೇ ಪಟ್ಟಕ್ಕೆ ಬಂದಳು. ಹಳೇ ಸ್ತೊಪಾ ವಾಪಸ್ ತಂದಳು. ಆ ಹತ್ತು ಕೊಪೆಕ್‌ಗಳನ್ನು ಹಿಂದಕ್ಕೆ ತೆಗೆದುಕೊಂಡು, ಅವುಗಳ ಮೇಲೆ ತನ್ನ ಪ್ಯಾತಕ್ ಅಚ್ಚು ಒತ್ತಿಸಿದಳು. ಒಂದೇ ತುಂಡು ತಾಮ್ರ ಐದು ಕೊಪೆಕ್ ಆಗಿ, ಹತ್ತಾಗಿ, ಮತ್ತೆ ಐದಾಗಿದೆ. ನಾನು ವಾಪಸ್ ಕೊಟ್ಟದ್ದು ಅಂಥ ನಾಣ್ಯವನ್ನು.

34 ವರ್ಷದ ನಂತರ ಇದೇ ಕಥೆ ಮತ್ತೆ ನಡೆಯಿತು. 1796ರಲ್ಲಿ ಕ್ಯಾಥರೀನ್ ಸರ್ಕಾರವೂ 32 ರೂಬಲ್ ಸ್ತೊಪಾಗೆ ಕೈಹಾಕಿತು, ಪ್ಯಾತಕ್ ಮೇಲೆ ಹತ್ತು ಕೊಪೆಕ್ ಅಚ್ಚು ಒತ್ತತೊಡಗಿತು. ಅದೇ ವರ್ಷ ಅವಳು ತೀರಿಕೊಂಡಳು. ಮಗ ಪಾವೆಲ್ ಅದನ್ನು ರದ್ದು ಮಾಡಿದ. ಆ ಹತ್ತು ಕೊಪೆಕ್‌ಗಳನ್ನು ಮತ್ತೆ ಐದು ಮಾಡಬೇಕಿತ್ತು. ಅದಕ್ಕೆ ಅವನ ಹೆಸರಿನ ಅಚ್ಚು ಬಳಸಲಿಲ್ಲ, ತಾಯಿಯ ಹೆಸರಿನ, ಹಿಂದಿನ ಇಸವಿಗಳ ಅಚ್ಚನ್ನೇ ಬಳಸಿದರು. ಹಾಗಾಗಿ 1793 ಎಂದು ಬರೆದಿರುವ ನಾಣ್ಯದ ಅಡಿಯಲ್ಲಿ 1796ರ ಗುರುತು ಕಂಡರೆ ಬೆಚ್ಚಿಬೀಳಬೇಡಿ. ಅದನ್ನು ಪಾವೆಲ್‌ನ ಮರುಮುದ್ರೆ ಎನ್ನುತ್ತಾರೆ. ಸಂಗ್ರಾಹಕರು ಅದನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಇನ್ನೂ ಒಂದು ಇದೆ. 1755ರಿಂದ 1757ರ ನಡುವಿನ, ಮೋಡದ ಮೇಲೆ ಹದ್ದು ಇರುವ ಒಂದು ಕೊಪೆಕ್. ಇದರ ಅಡಿಯಲ್ಲಿ ಎಷ್ಟೋ ಸಲ ಶಿಲುಬೆಯ ಗೆರೆ ಕಾಣುತ್ತದೆ. 1723ರಿಂದ 1730ರ ಶಿಲುಬೆ ಪ್ಯಾತಕ್ ಅದು. ತೂಕ ನೋಡಿ: ಅದಕ್ಕೂ 20.48, ಇದಕ್ಕೂ 20.48. ಐದು ಕೊಪೆಕ್ ಇದ್ದದ್ದು ಒಂದು ಕೊಪೆಕ್ ಆಯಿತು, ತಾಮ್ರ ಮಾತ್ರ ಅಷ್ಟೇ.

ಹಾಗಾದರೆ ನಿಜವಾದ ಮರುಮುದ್ರೆ ಹೇಗಿರುತ್ತದೆ? ಹಳೇ ಚಿತ್ರ ಅಡಿಯಲ್ಲಿ ಮಂಕಾಗಿರುತ್ತದೆ, ಹೊಸ ಚಿತ್ರದ ಗೆರೆ ಬಂದಲ್ಲಿ ತುಂಡಾಗಿರುತ್ತದೆ. ಒತ್ತಡ ಕಡಿಮೆ ಬಿದ್ದ ಜಾಗದಲ್ಲಿ, ಅಂಚಿನ ಹತ್ತಿರ ಜಾಸ್ತಿ ಉಳಿದಿರುತ್ತದೆ. ಎರಡೂ ಚಿತ್ರ ಒಂದೇ ಸಮ ಮೆತ್ತಗೆ, ಸೋಪಿನ ಮೇಲಿನ ಅಕ್ಷರ ಕರಗಿದ ಹಾಗೆ ಇದ್ದರೆ ಅದು ಅಸಲಿ ಮರುಮುದ್ರೆಯಿಂದ ತೆಗೆದ ಎರಕ. ಅಡಿಯ ಗುರುತು ಎರಡು ನಾಣ್ಯದಲ್ಲಿ ಕೂದಲೆಳೆಯೂ ಬಿಡದೆ ಒಂದೇ ಜಾಗದಲ್ಲಿ ಇದ್ದರೆ ಎರಡನ್ನೂ ಅನುಮಾನಿಸಿ. ಮರುಮುದ್ರೆ ಪ್ರತಿ ಸಲವೂ ಬೇರೆ ಬೇರೆ ಕೋನದಲ್ಲಿ ಬೀಳುತ್ತದೆ.

ಅಂಚು ಮತ್ತು ಮೈ

ಕ್ಯಾಥರೀನ್ ಪ್ಯಾತಕ್‌ನ ಅಂಚಿನಲ್ಲಿ ಜಾಲರಿಯಂಥ ಗೆರೆ ಇರುತ್ತದೆ. ಅದನ್ನು ಬೇರೆ ಯಂತ್ರದಲ್ಲಿ ಬಿಲ್ಲೆಯ ಮೇಲೆ ಮೊದಲೇ ಮಾಡಿ, ಆಮೇಲೆ ಚಿತ್ರ ಒತ್ತುತ್ತಿದ್ದರು. ಒತ್ತುವಾಗ ಸುತ್ತ ತಡೆಯುವ ಬಳೆ ಇರಲಿಲ್ಲ. ತಾಮ್ರ ತನ್ನಿಷ್ಟಕ್ಕೆ ಹರಡುತ್ತಿತ್ತು. ಹಾಗಾಗಿ ಅಸಲಿ ನಾಣ್ಯ ಪೂರ್ತಿ ದುಂಡಗೆ ಇರುವುದಿಲ್ಲ, ಜಾಲರಿ ಅಲ್ಲಲ್ಲಿ ಚಪ್ಪಟೆಯಾಗಿರುತ್ತದೆ, ಕೆಲವೊಮ್ಮೆ ಅಂಚು ಸೀಳಿರುತ್ತದೆ. ಹೀಗೆ ಸೀಳಿದ ನಾಣ್ಯವನ್ನು ಟಣ್ ಎಂದು ತಟ್ಟಿದರೆ ಸದ್ದು ಮೊಂಡಾಗಿ ಬರುತ್ತದೆ. ಸದ್ದು ಸರಿ ಇಲ್ಲ ಎಂದು ಅದನ್ನು ನಕಲಿ ಎನ್ನಬೇಡಿ. ಕ್ಯಾಲಿಪರ್‌ನಲ್ಲಿ ಯಾವ ಕಡೆಯಿಂದ ಅಳೆದರೂ ಒಂದೇ ಅಗಲ ಬರುವ, ಅಂಚು ಲೇಥಿನಲ್ಲಿ ತಿರುಗಿಸಿದ ಹಾಗೆ ನೇರ ಇರುವ ಪ್ಯಾತಕ್ ಬಗ್ಗೆಯೇ ನನಗೆ ಚಿಂತೆ ಜಾಸ್ತಿ. 1867ರ ನಂತರದವು ಇದಕ್ಕೆ ಉಲ್ಟಾ. ಅವು ದುಂಡಗೇ ಇರಬೇಕು, ಅಂಚಿನಲ್ಲಿ ಸಾಲಾಗಿ ಹಲ್ಲಿನಂಥ ಗೆರೆ ಇರಬೇಕು.

ಎರಕದ ನಕಲಿನಲ್ಲಿ ಅಂಚಿನ ಸುತ್ತ ಒಂದು ಬೆಸುಗೆ ಗೆರೆ, ಅಥವಾ ಅದನ್ನು ಉಜ್ಜಿದ ಗುರುತು ಸಿಗುತ್ತದೆ. ಮೈಮೇಲೆ ಸೂಜಿಮೊನೆಯಷ್ಟು ತಗ್ಗು ಗುಳಿಗಳಿರುತ್ತವೆ. ಗುಳಿಯ ಬದಲು ಉಬ್ಬಿದ ಸಣ್ಣ ಮೊಡವೆಗಳಿದ್ದರೆ ವಿದ್ಯುತ್ ಕಿಡಿಯಿಂದ ಕೊರೆದ ಹೊಸ ಅಚ್ಚು ಎಂಬ ಅನುಮಾನ ಬರಬೇಕು. ಎರಡು ತೆಳು ತಾಮ್ರದ ಚಿಪ್ಪು ಮಾಡಿ, ಒಳಗೆ ಸೀಸ ತುಂಬಿ ಜೋಡಿಸಿದ ನಕಲೂ ಇವೆ. ಚಿತ್ರ ಕೂದಲೆಳೆಯಷ್ಟೂ ತಪ್ಪಿರುವುದಿಲ್ಲ, ಏಕೆಂದರೆ ಅಸಲಿಯಿಂದಲೇ ತೆಗೆದ ಅಚ್ಚಿನೊಳಗೆ ವಿದ್ಯುತ್ತಿನಿಂದ ತಾಮ್ರ ಬೆಳೆಸಿ ತೆಗೆದ ಚಿಪ್ಪು ಅದು. ಅಂಚಿನ ನಡುವಿನ ಜೋಡಣೆ ಮತ್ತು ನೀರಿನ ಪರೀಕ್ಷೆ ಇದನ್ನು ಬಯಲು ಮಾಡುತ್ತವೆ.

ಕಿಲುಬು

ನಿಜವಾದ ಕಿಲುಬು ಪದರ ಪದರವಾಗಿ ಬೆಳೆಯುತ್ತದೆ. ತಾಮ್ರದ ಮೇಲೆ ಮೊದಲು ಕೆಂಪು ಕಂದು, ಅದರ ಮೇಲೆ ಗಟ್ಟಿ ಹಸಿರು. ಸವೆದ ಎತ್ತರದ ಜಾಗದಲ್ಲಿ ಕಡಿಮೆ, ಅಕ್ಷರದ ಸಂದಿಯಲ್ಲಿ ಜಾಸ್ತಿ. ಹಚ್ಚಿದ ಬಣ್ಣ ಎಲ್ಲಾ ಕಡೆ ಒಂದೇ ಸಮ ಇರುತ್ತದೆ. ಹತ್ತಿಗೆ ಅಸಿಟೋನ್ ಹಾಕಿ ಒಂದು ಮೂಲೆಯಲ್ಲಿ ಒತ್ತಿ ನೋಡಿ. ಹಸಿರೋ ಕಪ್ಪೋ ಹತ್ತಿಗೆ ಬಂದರೆ ಅದು ಬಣ್ಣ ಅಥವಾ ವಾರ್ನಿಷ್. ಅಸಿಟೋನ್ ತಾಮ್ರಕ್ಕೆ ಏನೂ ಮಾಡುವುದಿಲ್ಲ. ಕಿಟಕಿ ತೆಗೆದಿಡಿ, ಒಲೆಯ ಹತ್ತಿರ ಬೇಡ.

ಪುಡಿಪುಡಿಯಾಗಿ, ತಿಳಿ ಹಸಿರಾಗಿ, ಒರೆಸಿದರೂ ಮತ್ತೆ ಮತ್ತೆ ಏಳುವುದು ಕಿಲುಬಲ್ಲ, ರೋಗ. ಕ್ಲೋರೈಡ್ ಮತ್ತು ತೇವ ಸೇರಿ ತಾಮ್ರವನ್ನು ತಿನ್ನುತ್ತಿರುತ್ತವೆ. ಕರಾವಳಿಯ ಮನೆಗಳಲ್ಲಿ ಮಳೆಗಾಲದಲ್ಲಿ ಇದು ಬೇಗ ಹೆಚ್ಚುತ್ತದೆ. ಆ ನಾಣ್ಯವನ್ನು ಬೇರೆ ಇಡಿ, ಸಿಲಿಕಾ ಜೆಲ್ ಹಾಕಿದ ಒಣ ಡಬ್ಬಿಯಲ್ಲಿ. ಇದು ನಕಲಿಯ ಲಕ್ಷಣವಲ್ಲ.

ಮತ್ತೆ, ಹುಣಸೆಹಣ್ಣು ಬೇಡ. ತಾಮ್ರದ ಚೊಂಬು ಬೆಳಗುವ ಅಭ್ಯಾಸ ನಮ್ಮ ಕೈಗಳಲ್ಲಿದೆ, ಮನೆಯವರು ಪ್ರೀತಿಯಿಂದಲೇ ತೊಳೆದುಕೊಡುತ್ತಾರೆ. ಹುಣಸೆ ಹುಳಿ ಮೇಲಿನ ಪದರವನ್ನೆಲ್ಲ ತಿಂದು ಗುಲಾಬಿ ಬಣ್ಣದ ಬೆತ್ತಲೆ ತಾಮ್ರ ಬಿಡುತ್ತದೆ. ನಾಣ್ಯದ ಬೆಲೆ ಅಲ್ಲಿಗೆ ಹೋಯಿತು. ಪರೀಕ್ಷೆಗೆ ಬೇಕಿದ್ದ ಅರ್ಧ ಸಾಕ್ಷಿಯೂ ಹೋಯಿತು.

ಅಕ್ಷರ ಮತ್ತು ಇಸವಿ

ಯೆಕಾತೆರಿನ್‌ಬುರ್ಗ್ ಟಂಕಸಾಲೆಯ ಗುರುತು ಇಂಗ್ಲಿಷಿನ ಇ, ಎಂ ತರ ಕಾಣುವ ಎರಡು ಅಕ್ಷರ. ಆ ಟಂಕಸಾಲೆ 1876ರಲ್ಲಿ ಮುಚ್ಚಿತು. ಅದರ ನಂತರದ ಇಸವಿ ಜೊತೆ ಈ ಅಕ್ಷರ ಕಂಡರೆ ನಕಲಿ. ಕೆ, ಎಂ ತರ ಕಾಣುವುದು ಕೊಲಿವಾನ್‌ನದು. ಟಿ, ಎಂ ತರ ಕಾಣುವುದು ಕ್ರಿಮಿಯಾದ ಫಿಯೊದೊಸಿಯಾದ್ದು, 1787 ಮತ್ತು 1788ರಲ್ಲಿ ಮಾತ್ರ, ತುಂಬಾ ಅಪರೂಪ. ಅಪರೂಪ ಎಂದಮೇಲೆ ಬೇರೆ ಅಕ್ಷರವನ್ನು ಕೆತ್ತಿ ಟಿ ಮಾಡಿರುವ ಸಾಧ್ಯತೆ ಇದೆ, ಅಕ್ಷರದ ಸುತ್ತ ಮೈ ತಗ್ಗಾಗಿದೆಯೇ ನೋಡಿ. 1916ರ ಐದು ಕೊಪೆಕ್‌ಗೂ ಇದೇ ಎಚ್ಚರ ಬೇಕು. 1911, 1912ರವು ಸುಲಭವಾಗಿ ಸಿಗುತ್ತವೆ, ಕೊನೆಯ ಅಂಕಿ ತಿದ್ದಿ ಅವನ್ನು 1916 ಮಾಡುತ್ತಾರೆ. ಆದರೆ 1912ರವರೆಗಿನ ನಾಣ್ಯದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮೂರು ಅಕ್ಷರ ಇರುತ್ತವೆ. ಊರಿನ ಹೆಸರು ಪೆತ್ರೊಗ್ರಾದ್ ಆದ ಮೇಲೆ 1915ರಿಂದ ಅವು ಇರುವುದಿಲ್ಲ.

ಆ ಕಾಲದ ಖೋಟಾ ನಾಣ್ಯಗಳು

ಇವು ಎಲ್ಲಕ್ಕಿಂತ ಕಷ್ಟ. ಲೋಹ ತಾಮ್ರವೇ, ಕಿಲುಬು ನಿಜವಾದದ್ದೇ, ವಯಸ್ಸೂ ಅಷ್ಟೇ. ನೀರು, ಮ್ಯಾಗ್ನೆಟ್, ಎಕ್ಸ್‌ರೇ ಎಲ್ಲವೂ ಪಾಸ್ ಮಾಡುತ್ತವೆ.

ಶಿಲುಬೆ ಪ್ಯಾತಕ್ ಇದಕ್ಕೆ ದೊಡ್ಡ ಉದಾಹರಣೆ. ಒಂದು ಪೂದ್ ತಾಮ್ರಕ್ಕೆ 40 ರೂಬಲ್ ಮುಖಬೆಲೆ. ತಾಮ್ರದ ಪೇಟೆ ಬೆಲೆ ಇದಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಖೋಟಾ ಮಾಡುವವನಿಗೆ ಅಸಲಿ ತಾಮ್ರವನ್ನೇ ಹಾಕಿದರೂ ಲಾಭ. ದೇಶದ ಒಳಗೂ ಮಾಡಿದರು, ಹೊರಗಿನಿಂದಲೂ ತಂದು ಸುರಿದರು. ಇಲ್ಲಿ ಉಳಿಯುವುದು ಅಕ್ಷರ ಮತ್ತು ಹದ್ದು ಮಾತ್ರ. ವಕ್ರ ಅಕ್ಷರ, ಕಾಗುಣಿತ ತಪ್ಪು, ಒರಟು ಗರಿ, ಹಗುರ ತೂಕ ಒಟ್ಟಿಗೆ ಕಂಡರೆ ಆ ಕಾಲದ ಖೋಟಾ ಎಂದು ಬರೆದಿಡಿ. ಎಸೆಯಬೇಡಿ, ಅದಕ್ಕೂ ಸಂಗ್ರಾಹಕರಿದ್ದಾರೆ.

ಇನ್ನೊಂದು ಸ್ವೀಡನ್‌ನದು. 1788ರಲ್ಲಿ ರಷ್ಯಾ ಜೊತೆ ಯುದ್ಧ ಶುರುವಾದ ಆ ಸಮಯದಲ್ಲಿ, ದೊರೆ ಮೂರನೇ ಗುಸ್ತಾವ್ ಕಾಲದಲ್ಲಿ, ಅಲ್ಲಿನ ಅವೆಸ್ತಾ ಟಂಕಸಾಲೆಯಲ್ಲಿ ಕ್ಯಾಥರೀನ್ ಪ್ಯಾತಕ್‌ನ ನಕಲು ಹೊಡೆದರು. ಯೆಕಾತೆರಿನ್‌ಬುರ್ಗ್‌ನ ಅಕ್ಷರ, 1787ರ ಇಸವಿ. ಒಂದು ದೇಶದ ಟಂಕಸಾಲೆ ಇನ್ನೊಂದು ದೇಶದ ನಾಣ್ಯವನ್ನು ಖೋಟಾ ಮಾಡಿದರೆ ಹೇಗಿರುತ್ತದೋ ಹಾಗೇ ಇದೆ, ಕೆಲಸ ಅಚ್ಚುಕಟ್ಟು. ಆದರೆ ಕೆತ್ತಿದವನ ಕೈಗೆ ಅಭ್ಯಾಸವಾಗಿದ್ದದ್ದು ತನ್ನ ದೊರೆಯ ಕಿರೀಟ. ಹದ್ದಿನ ತಲೆಯ ಮೇಲೆ ಅವನು ಅದನ್ನೇ ಕೆತ್ತಿದ್ದಾನೆ. ರಷ್ಯಾದ ಕಿರೀಟ ನಡುವೆ ಸೀಳಿದ ಎರಡು ಉಬ್ಬಿನ ಹಾಗೆ ಇರುತ್ತದೆ. ಇದರಲ್ಲಿ ಕಮಾನುಗಳಿರುವ ಸ್ವೀಡನ್ ಕಿರೀಟ. 1787ರ ಪ್ಯಾತಕ್ ಕೈಗೆ ಬಂದಾಗ ತೂಕ, ನೀರು ಎಲ್ಲಾ ಆದ ಮೇಲೆ ಭೂತಗನ್ನಡಿ ಹಿಡಿದು ಹದ್ದಿನ ತಲೆಯ ಮೇಲಿನ ಆ ಕಿರೀಟವನ್ನು ನೋಡಿ, ಪಕ್ಕದಲ್ಲಿ 1786ರದ್ದೋ 1788ರದ್ದೋ ಒಂದು ಅಸಲಿ ಪ್ಯಾತಕ್ ಇಟ್ಟುಕೊಂಡು.